ಮೊದಲು ಟೇಪು, ಆಮೇಲೆ ಕ್ಯಾಮೆರಾ: ಸಿನಿಮಾ ಛಾಯಾಗ್ರಹಣಕ್ಕೆ ಬರುವವರಿಗೆ

ಛಾಯಾಗ್ರಾಹಕರಾಗಬೇಕು ಎಂದು ಬರುವವರು ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಅಂತ. ಸದ್ಯಕ್ಕೆ ಯಾವುದೂ ಬೇಡ. ಸಿನಿಮಾ ಕ್ಯಾಮೆರಾ ಸೆಟ್ಟಿಗೆ ಬರುವುದು ದಿನದ ಬಾಡಿಗೆಯ ಮೇಲೆ. ಜೊತೆಗೆ ಅದನ್ನು ಕಾಯುವ ಅಟೆಂಡೆಂಟ್ ಕೂಡ ಬರುತ್ತಾರೆ. ಸಾಲ ಮಾಡಿ ಕೊಂಡ ಕ್ಯಾಮೆರಾ ಬಾಡಿ ಮೂರ್ನಾಲ್ಕು ವರ್ಷಕ್ಕೆ ಹಳತಾಗುತ್ತದೆ, ಕಂತು ಮಾತ್ರ ಪ್ರತಿ ತಿಂಗಳೂ ಹೊಸದಾಗಿಯೇ ಬರುತ್ತದೆ. ಅದರ ಬದಲು ಒಂದು 5 ಮೀಟರ್ ಸ್ಟೀಲ್ ಟೇಪು, ಒಂದು 30 ಮೀಟರ್ ಬಟ್ಟೆ ಟೇಪು, ಸೆಕೆಂಡ್‌ಹ್ಯಾಂಡ್ ಲೈಟ್ ಮೀಟರ್, ಕೈಯಲ್ಲೇ ಫೋಕಸ್ ತಿರುಗಿಸಬಹುದಾದ ಹಳೆಯ 50 ಮಿ.ಮೀ. ಲೆನ್ಸ್ ಹಾಕಿದ ಯಾವುದಾದರೂ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಮೊದಲ ಎರಡು ವರ್ಷಕ್ಕೆ ಸಾಕು.

ಒಳಗೆ ಬರುವ ದಾರಿ

ಶಾಲೆಯ ದಾರಿಯಲ್ಲಿ ಹತ್ತಿರದ್ದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಛಾಯಾಗ್ರಹಣದ ಮೂರು ವರ್ಷದ ಡಿಪ್ಲೊಮಾ ಇದೆ. ಈ ಕೋರ್ಸಿನ ಬೇರು ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿದೆ. ಹಿಂದಿ ಚಿತ್ರಗಳ ಹೆಸರಾಂತ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಡಿಪ್ಲೊಮಾ ಮುಗಿಸಿದ್ದು ಅಲ್ಲೇ, ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಪದವಿ ಆದವರಿಗೆ ಪುಣೆಯ ಫಿಲ್ಮ್ ಸಂಸ್ಥೆಯಾದ ಎಫ್‌ಟಿಐಐ, ಕೋಲ್ಕತ್ತಾದ ಸತ್ಯಜಿತ್ ರೇ ಫಿಲ್ಮ್ ಸಂಸ್ಥೆ ಇವೆ. ಎರಡಕ್ಕೂ ಪ್ರವೇಶ ಪರೀಕ್ಷೆ, ಸೀಟು ಬೆರಳೆಣಿಕೆಯಷ್ಟು.

ಇನ್ನೊಂದು ದಾರಿ ನೇರ ಸೆಟ್ಟಿಗೆ. ಕ್ಯಾಮೆರಾ ಬಾಡಿಗೆ ಕೊಡುವ ಕಂಪನಿಯಲ್ಲಿ ಅಟೆಂಡೆಂಟ್ ಆಗಿ ಸೇರುವುದನ್ನು ಕೀಳಾಗಿ ನೋಡುವವರಿದ್ದಾರೆ. ಆದರೆ ಆರು ತಿಂಗಳಲ್ಲಿ ಹತ್ತು ಬಗೆಯ ಬಾಡಿ, ಐದು ಸೆಟ್ ಲೆನ್ಸ್ ಕೈಯಲ್ಲಿ ಆಡುವ ಅವಕಾಶ ಇನ್ನೆಲ್ಲೂ ಸಿಗುವುದಿಲ್ಲ. ಅಲ್ಲಿಂದ ಮೆಟ್ಟಿಲು ಹೀಗೆ ಏರುತ್ತದೆ: ಕ್ಲಾಪ್, ಬ್ಯಾಟರಿ, ಲೆನ್ಸ್ ಪೆಟ್ಟಿಗೆ ನೋಡಿಕೊಳ್ಳುವ ಎರಡನೇ ಅಸಿಸ್ಟೆಂಟ್, ಶಾಟ್ ನಡೆಯುವಾಗ ಲೆನ್ಸಿನ ಫೋಕಸ್ ತಿರುಗಿಸುವ ಫೋಕಸ್ ಪುಲ್ಲರ್, ಶಾಟ್ ತೆಗೆಯುವ ಆಪರೇಟಿವ್ ಅಥವಾ ಅಸೋಸಿಯೇಟ್, ಕೊನೆಗೆ ಛಾಯಾಗ್ರಾಹಕ. ಚಿಕ್ಕ ಚಿತ್ರಗಳಲ್ಲಿ ಇದರಲ್ಲಿ ಎರಡು ಮೂರು ಕೆಲಸ ಒಬ್ಬರ ತಲೆಗೇ ಬೀಳುತ್ತದೆ. ಫೋಕಸ್ ಪುಲ್ಲರ್ ಮೆಟ್ಟಿಲನ್ನು ಹಾರಿ ಹೋಗಬೇಡಿ. ಯಾವ ಲೆನ್ಸು ಎಷ್ಟು ದೂರದಲ್ಲಿ ಮುಖವನ್ನು ಏನು ಮಾಡುತ್ತದೆ ಎಂಬುದು ಮೈಗೆ ಹತ್ತುವುದು ಅಲ್ಲೇ.

ಸೊಂಟದ ಚೀಲದಲ್ಲಿ ಸದಾ ಇರಬೇಕಾದದ್ದು: ಅಳತೆಯ ಎರಡೂ ಟೇಪು, ಸಣ್ಣ ಟಾರ್ಚು, ಚಾಕ್‌ಪೀಸು, ನಾಲ್ಕು ಬಣ್ಣದ ಅಂಟಿಸುವ ಬಟ್ಟೆ ಟೇಪು, ಒರೆಸಿದರೆ ಹೋಗುವ ಮಾರ್ಕರು, ಬ್ಲೋಯರು, ಲೆನ್ಸ್ ಟಿಶ್ಯೂ ಮತ್ತು ದ್ರಾವಣ, ಅಲೆನ್ ಕೀ ಸೆಟ್ಟು. ಅಲೆನ್ ಕೀಯಲ್ಲಿ ಮಿಲಿಮೀಟರಿನದೂ ಇಂಚಿನದೂ ಎರಡೂ ಬೇಕು. ಕ್ಯಾಮೆರಾ ತಳದ ಸ್ಕ್ರೂಗಳು ಇವತ್ತಿಗೂ ಕಾಲಿಂಚು ಮತ್ತು 3/8 ಇಂಚಿನವೇ. ಲೆನ್ಸನ್ನು ಅಂಗಿಯ ತುದಿಯಲ್ಲಿ ಒರೆಸುವುದನ್ನು ಯಾರಾದರೂ ನೋಡಿದರೆ ನಾಳೆಯಿಂದ ನಿಮಗೆ ಕರೆ ಬರುವುದಿಲ್ಲ.

ಶೂಟಿಂಗಿಗೆ ಹಿಂದಿನ ದಿನ: ಪರೀಕ್ಷೆ

ಬಾಡಿಗೆ ಕಂಪನಿಯಲ್ಲಿ ಇಡೀ ದಿನ ಕೂತು ಸಾಮಾನು ಪರೀಕ್ಷಿಸುವುದನ್ನು ನಿರ್ಮಾಪಕರು ದಂಡದ ಖರ್ಚು ಅಂದುಕೊಳ್ಳುತ್ತಾರೆ. ಅರ್ಧ ದಿನವಾದರೂ ಹಟ ಹಿಡಿದು ಕೇಳಿ ಪಡೆಯಿರಿ. ಇದೇ ಕ್ರಮದಲ್ಲಿ ನೋಡಿ:

1. ಸೆನ್ಸರ್. ಲೆನ್ಸನ್ನು ಟಿ 22ಕ್ಕೆ ಮುಚ್ಚಿ (ಟಿ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದು), ಫೋಕಸ್ ಕೆಡಿಸಿ, ಬಿಳಿ ಗೋಡೆ ತೆಗೆಯಿರಿ. ಧೂಳಿದ್ದರೆ ಕಪ್ಪು ಚುಕ್ಕಿ ಕಾಣುತ್ತದೆ. ಆಮೇಲೆ ಮುಚ್ಚಳ ಹಾಕಿ ಒಂದು ನಿಮಿಷ ರೆಕಾರ್ಡ್ ಮಾಡಿ. ಕತ್ತಲಲ್ಲಿ ಮಿನುಗುವ ಚುಕ್ಕಿ ಕಂಡರೆ ಅದು ಕೆಟ್ಟ ಪಿಕ್ಸೆಲ್, ‘ಹಾಟ್ ಪಿಕ್ಸೆಲ್’.

2. ಲೆನ್ಸ್. ಪ್ರತಿ ಲೆನ್ಸನ್ನೂ ಪೂರ್ತಿ ತೆರೆದು, ಟೇಪಿನಲ್ಲಿ ಅಳೆದು 6 ಅಡಿಯಲ್ಲಿ ಚಾರ್ಟ್ ಇಟ್ಟು, ಲೆನ್ಸಿನ ಮೇಲಿನ 6 ಅಡಿ ಗುರುತಿಗೆ ತಿರುಗಿಸಿ. ಚಿತ್ರ ಚೂಪಾಗಿರಬೇಕು. ಒಂದೇ ಲೆನ್ಸ್ ತಪ್ಪಿದರೆ ದೋಷ ಆ ಲೆನ್ಸಿನದು. ಎಲ್ಲ ಲೆನ್ಸೂ ಒಂದೇ ದಿಕ್ಕಿಗೆ ತಪ್ಪಿದರೆ ದೋಷ ಲೆನ್ಸ್ ಕೂರುವ ಬಳೆಯದು, ಅಂದರೆ ಕ್ಯಾಮೆರಾದ ಮೌಂಟಿನದು. ಸಿನಿಮಾ ಕ್ಯಾಮೆರಾಗಳ ಪಿಎಲ್ ಮೌಂಟಿನ ಮುಖದಿಂದ ಸೆನ್ಸರಿಗೆ ಸರಿಯಾಗಿ 52 ಮಿ.ಮೀ. ಇರಬೇಕು, ಕೂದಲೆಳೆ ಹೆಚ್ಚುಕಡಿಮೆಯಾದರೂ ವೈಡ್ ಲೆನ್ಸುಗಳು ಅನಂತ ದೂರಕ್ಕೆ ಚೂಪಾಗುವುದಿಲ್ಲ. ಇದನ್ನು ಸೆಟ್ಟಿನಲ್ಲಿ ಸರಿಮಾಡಲು ಹೋಗಬೇಡಿ, ಬೇರೆ ಬಾಡಿ ಕೇಳಿ.

3. ಝೂಮ್. ಟೆಲಿ ತುದಿಯಲ್ಲಿ ಫೋಕಸ್ ಮಾಡಿ ನಿಧಾನವಾಗಿ ವೈಡಿಗೆ ಬನ್ನಿ. ದಾರಿಯಲ್ಲಿ ಎಲ್ಲೂ ಮಸುಕಾಗಬಾರದು, ಚಿತ್ರದ ನಡುಬಿಂದು ಅತ್ತಿತ್ತ ಸರಿಯಬಾರದು.

4. ಫಿಲ್ಟರ್. ಬೆಳಕನ್ನು ಕಡಿಮೆ ಮಾಡುವ ಬೂದು ಗಾಜಾದ ಒಂದೊಂದು ಎನ್‌ಡಿಯನ್ನೂ ಹಾಕಿ ಬೂದು ಕಾರ್ಡಿನ ಜೊತೆ ಕಪ್ಪು ಬಟ್ಟೆಯ ತುಂಡನ್ನೂ ಬಿಸಿಲಲ್ಲಿ ತೆಗೆಯಿರಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

5. ಕರೆಂಟು. ಎಲ್ಲ ಬ್ಯಾಟರಿ ತುಂಬಿಸಿ, ಒಂದೊಂದರಲ್ಲೂ ಕ್ಯಾಮೆರಾ ಓಡಿಸಿ. ಕ್ಯಾಮೆರಾ, ಮಾನಿಟರ್, ಟ್ರಾನ್ಸ್‌ಮಿಟರ್, ಫೋಕಸ್ ಮೋಟರ್ ಎಲ್ಲ ಸೇರಿ 100 ವಾಟ್ ಎಳೆದರೆ 150 ವಾಟ್‌-ಅವರ್ ಬ್ಯಾಟರಿ ಲೆಕ್ಕಕ್ಕೆ ಒಂದೂವರೆ ಗಂಟೆ ಬರಬೇಕು. ಸವೆದದ್ದು ಒಂದು ಗಂಟೆಗೇ ಕೈ ಕೊಡುತ್ತದೆ. ಅಂಥದಕ್ಕೆ ಟೇಪ್ ಸುತ್ತಿ ಗುರುತು ಮಾಡಿ.

6. ಕೊನೆಗೆ ಒಂದು ಕಾರ್ಡ್ ಪೂರ್ತಿ ತುಂಬಿಸಿ, ಕಾಪಿ ಮಾಡಿ, ಡಿಐ (ಚಿತ್ರದ ಬಣ್ಣ ತಿದ್ದುವ) ಸ್ಟುಡಿಯೊಗೆ ಕಳಿಸಿ. ಫೈಲ್ ತೆರೆದುಕೊಂಡಿತೆ, ಫ್ರೇಮ್ ಗೆರೆ ಸರಿಯಿದೆಯೆ, ಬಣ್ಣ ಸರಿ ಕೂರುತ್ತದೆಯೆ ಎಂದು ಅವರ ಬಾಯಿಂದ ಕೇಳುವವರೆಗೆ ಪರೀಕ್ಷೆ ಮುಗಿದಿಲ್ಲ.

ವೈರ್ ಚುಚ್ಚುವ ಕ್ರಮವೂ ಇಲ್ಲೇ ರೂಢಿಯಾಗಲಿ. ಮಾನಿಟರಿಗೋ ಟ್ರಾನ್ಸ್‌ಮಿಟರಿಗೋ ಮೊದಲು ಪವರ್ ಕೇಬಲ್, ಆಮೇಲೆ ಚಿತ್ರ ಸಾಗಿಸುವ ಎಸ್‌ಡಿಐ ಕೇಬಲ್. ಬಿಚ್ಚುವಾಗ ಉಲ್ಟಾ: ಮೊದಲು ಎಸ್‌ಡಿಐ, ಆಮೇಲೆ ಪವರ್. ತಿರುವುಮುರುವಾದರೆ ಕರೆಂಟು ಎಸ್‌ಡಿಐ ತಂತಿಯ ಮೂಲಕ ಹರಿದು ಕ್ಯಾಮೆರಾದ ಔಟ್‌ಪುಟ್ ಬೋರ್ಡನ್ನೇ ಸುಡಬಹುದು. ಅವಸರದ ಸೆಟ್ಟುಗಳಲ್ಲಿ ಬೋರ್ಡು ಹೋಗುವುದು ಹೆಚ್ಚಾಗಿ ಹೀಗೆಯೇ, ಆ ಬಿಲ್ಲು ಯಾರ ತಲೆಗೆ ಅನ್ನುವ ಜಗಳ ಪ್ಯಾಕಪ್ ಆದಮೇಲೂ ಮುಗಿಯುವುದಿಲ್ಲ.

ಫೋಕಸ್: ಒಂದು ಶಾಟ್ ಬಿಡಿಸಿ ನೋಡೋಣ

ನಟಿ ಬಾಗಿಲು ತೆರೆದು ಬಂದು, ಮೇಜಿನ ಬಳಿ ನಿಂತು, ಕುರ್ಚಿ ಎಳೆದು ಕೂರುತ್ತಾರೆ. 50 ಮಿ.ಮೀ. ಲೆನ್ಸು, ಟಿ 2. ಕ್ಯಾಮೆರಾ ಅಲ್ಲಾಡುವುದಿಲ್ಲ.

ಮೊದಲು ಪಾದದ ಗುರುತು: ಬಾಗಿಲ ಬಳಿ ಒಂದು, ಮೇಜಿನ ಬಳಿ ಒಂದು, ‘ಟಿ’ ಆಕಾರದ ಬಣ್ಣದ ಟೇಪು. ಒಬ್ಬ ಕಲಾವಿದರಿಗೆ ಒಂದೇ ಬಣ್ಣ. ಆಮೇಲೆ ಅಳತೆ. ಟೇಪಿನ ತುದಿ ಕ್ಯಾಮೆರಾ ಪಕ್ಕದ ಕೊಕ್ಕೆಗೆ, ಅಂದರೆ ಸೆನ್ಸರ್ ಇರುವ ಜಾಗಕ್ಕೆ. ಬಾಡಿಯ ಮೇಲೆ ವೃತ್ತಕ್ಕೆ ಗೆರೆ ಎಳೆದ ಗುರುತಿರುತ್ತದೆ. ಇನ್ನೊಂದು ತುದಿ ನಟಿಯ ಕಣ್ಣಿನ ಪಕ್ಕಕ್ಕೆ, ಕಣ್ಣಿಗೆ ತಾಗದಂತೆ, ‘ಮೇಡಂ, ಅಳತೆ’ ಎಂದು ಹೇಳಿಯೇ. ಹೊಸಬರು ಲೆನ್ಸಿನ ಮೂತಿಯಿಂದ ಅಳೆಯುತ್ತಾರೆ. ಅಲ್ಲಿಗೇ ಸುಮಾರು 20 ಸೆಂ.ಮೀ. ತಪ್ಪಿತು.

20 ಸೆಂ.ಮೀ. ಎಷ್ಟು ದೊಡ್ಡದು? ಸೂಪರ್ 35 ಅಳತೆಯ ಸೆನ್ಸರಿನಲ್ಲಿ, 2 ಮೀಟರ್ ದೂರದಲ್ಲಿ, ಟಿ 2ರಲ್ಲಿ 50 ಮಿ.ಮೀ. ಲೆನ್ಸಿಗೆ ಚೂಪಾಗಿ ಕಾಣುವ ಆಳ ಒಟ್ಟು 16 ಸೆಂ.ಮೀ., ಒಂದು ಗೇಣಿಗಿಂತ ಕಡಿಮೆ. 85 ಮಿ.ಮೀ. ಹಾಕಿದರೆ ಐದೂವರೆ ಸೆಂ.ಮೀ., ಮೂರು ಬೆರಳಗಲ. ಮೂಗು ಚೂಪಾದರೆ ಕಿವಿ ಮಸುಕು. ಅದೇ 25 ಮಿ.ಮೀ. ಆದರೆ 65 ಸೆಂ.ಮೀ., ಆರಾಮ. ಲೆನ್ಸನ್ನು ಟಿ 4ಕ್ಕೆ ಇಳಿಸಿದರೆ ಈ ಆಳ ಎರಡರಷ್ಟಾಗುತ್ತದೆ. ಸೂಪರ್ 35ಕ್ಕಿಂತ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅದೇ ಚೌಕಟ್ಟಿಗೆ ಉದ್ದದ ಲೆನ್ಸ್ ಹಾಕಬೇಕಾದ್ದರಿಂದ ಆಳ ಇನ್ನೂ ಕಿರಿದು. ಕಡಿಮೆ ಬಜೆಟ್ಟಿನ ಚಿತ್ರಕ್ಕೆ, ಅನುಭವಿ ಫೋಕಸ್ ಪುಲ್ಲರ್ ಇಲ್ಲದಿದ್ದರೆ, ಫುಲ್‌ಫ್ರೇಮ್‌ನಲ್ಲಿ ಟಿ 1.5 ಇಟ್ಟು ಹಿನ್ನೆಲೆ ಕರಗಿಸುವ ಆಸೆ ಬೇಡ. ಅರ್ಧ ಟೇಕುಗಳು ಎಡಿಟಿಂಗ್ ಮೇಜಿನಲ್ಲಿ ಉದುರುತ್ತವೆ.

ಮತ್ತೆ ಶಾಟಿಗೆ. ಬಾಗಿಲು 14 ಅಡಿ, ಮೇಜು 9 ಅಡಿ ಅಂತಿಟ್ಟುಕೊಳ್ಳಿ. ಕೂತಾಗಿನದನ್ನು ಬೇರೆಯೇ ಅಳೆಯಿರಿ. ಕೂರುವಾಗ ತಲೆ ಮೊದಲು ಮುಂದೆ ಬಾಗಿ, ಆಮೇಲೆ ಹಿಂದಕ್ಕೆ ಹೋಗುತ್ತದೆ, ಶಾಟ್ ಹಾಳಾಗುವುದು ಆ ಒಂದು ಕ್ಷಣದಲ್ಲೇ. ಫೋಕಸ್ ತಿರುಗಿಸುವ ಚಕ್ರವಾದ ಫಾಲೋ ಫೋಕಸಿನ ಬಿಳಿ ಬಳೆಯ ಮೇಲೆ ಮೂರೂ ಗುರುತು ಹಾಕಿ. ರಿಹರ್ಸಲ್‌ನಲ್ಲಿ ಕೈ ಓಡಿಸಿ ನೋಡಿ. ಟೇಕ್‌ನಲ್ಲಿ ಕಣ್ಣು ನಟಿಯ ಮೇಲಿರಲಿ, ಮಾನಿಟರಿನ ಮೇಲಲ್ಲ: ವೈರ್‌ಲೆಸ್ ಮಾನಿಟರಿನಲ್ಲಿ ಮಸುಕು ಕಾಣುವಷ್ಟರಲ್ಲಿ ಅದು ಕಾರ್ಡಿನಲ್ಲಿ ಬಿದ್ದಾಗಿರುತ್ತದೆ. ನಟಿ ನಿಧಾನವಾದರೆ ನಿಮ್ಮ ಕೈಯೂ ನಿಧಾನವಾಗಬೇಕು.

ಫೋಕಸ್ ತಪ್ಪಿದರೆ ಹಿಂದೆ ಮುಂದೆ ಹುಡುಕಾಡಬೇಡಿ. ಒಂದೇ ದಿಕ್ಕಿಗೆ ಮೆಲ್ಲಗೆ ಹೋಗಿ ಹಿಡಿಯಿರಿ. ಕಟ್ ಆದ ಕೂಡಲೇ ‘ಸರ್, ಕೂತಾಗ ಫೋಕಸ್ ಹೋಯ್ತು’ ಎಂದು ಛಾಯಾಗ್ರಾಹಕರಿಗೆ ಹೇಳಿ. ಬೈಗುಳ ಒಂದು ನಿಮಿಷದ್ದು. ಮುಚ್ಚಿಟ್ಟರೆ ಆ ತಪ್ಪನ್ನು ಮೂವತ್ತು ಅಡಿ ಪರದೆಯ ಮೇಲೆ ಎಲ್ಲರೂ ನೋಡುತ್ತಾರೆ.

ಇದಕ್ಕೆ ಅಭ್ಯಾಸ ಪುಕ್ಕಟೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಎದುರಿನ ಕಂಬ ಎಷ್ಟು ಅಡಿ ಎಂದು ಊಹಿಸಿ, ಆಮೇಲೆ ಅಳೆದು ನೋಡಿ. ಮೂರು ತಿಂಗಳು ಬಿಡದೆ ಮಾಡಿದರೆ 12 ಅಡಿಯೊಳಗಿನ ಊಹೆ ಅಂಗೈಯಗಲಕ್ಕಿಂತ ಹೆಚ್ಚು ತಪ್ಪುವುದಿಲ್ಲ.

ಬೆಳಕಿನ ಲೆಕ್ಕ

ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಶಟರ್ 180 ಡಿಗ್ರಿ, ಅಂದರೆ ಪ್ರತಿ ಫ್ರೇಮಿನ ಅರ್ಧ ಹೊತ್ತು ತೆರೆದಿರುವಂತೆ ಇಟ್ಟರೆ ಒಂದು ಫ್ರೇಮಿಗೆ 1/48 ಸೆಕೆಂಡ್ ಬೆಳಕು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/48 ಅದಕ್ಕೆ ಹೊಂದುವುದಿಲ್ಲ; ಚಿತ್ರದಲ್ಲಿ ಬೆಳಕು ಅಲೆಅಲೆಯಾಗಿ ಉಸಿರಾಡುತ್ತದೆ. ಒಳಾಂಗಣಕ್ಕೆ ಶಟರ್ 172.8 ಡಿಗ್ರಿ ಇಡಿ, ಸರಿಯಾಗಿ 1/50 ಆಗುತ್ತದೆ, ಮಿನುಗು ಮಾಯ. ಸ್ಲೋಮೋಷನ್‌ಗೆ 50 ಫ್ರೇಮ್, 180 ಡಿಗ್ರಿ ಕ್ಷೇಮ. ಹಳೆಯ ಜನರೇಟರು 50 ಹರ್ಟ್ಸಿನಲ್ಲಿ ನಿಲ್ಲದೆ ಏರಿಳಿಯುತ್ತಿದ್ದರೆ ಈ ಲೆಕ್ಕವೂ ಕೈ ಕೊಡುತ್ತದೆ; ಆಗ ಮಿನುಗುವ ದೀಪವನ್ನೇ ಆರಿಸುವುದು ಸುಲಭ.

ಹೊರಾಂಗಣದ ಒಂದು ಲೆಕ್ಕ. ಅಲೆಕ್ಸಾ ಎಲ್‌ಎಫ್‌ನಂಥ ಕ್ಯಾಮೆರಾದ ಮೂಲ ಸೂಕ್ಷ್ಮತೆ, ಅಂದರೆ ಐಎಸ್‌ಒ, 800. ಸುಡು ಬಿಸಿಲಲ್ಲಿ ಐಎಸ್‌ಒ 800ಕ್ಕೆ 1/800 ಸೆಕೆಂಡಿನಲ್ಲಿ ಎಫ್ 16 ಬರುತ್ತದೆ. ನಮ್ಮ ಶಟರು 1/50, ಅಂದರೆ ನಾಲ್ಕು ಸ್ಟಾಪ್ ಹೆಚ್ಚು ಬೆಳಕು (ಒಂದು ಸ್ಟಾಪ್ ಏರಿದರೆ ಬೆಳಕು ಎರಡರಷ್ಟು, ಇಳಿದರೆ ಅರ್ಧ; ಎಫ್ ಕೂಡ ಟಿಯಂತೆ ಕಿಂಡಿಯ ಅಳತೆಯೇ): ಎಫ್ 64. ನಮಗೆ ಬೇಕಾದದ್ದು ಎಫ್ 4. ಅರವತ್ತನಾಲ್ಕರಿಂದ ನಾಲ್ಕಕ್ಕೆ ಎಂಟು ಸ್ಟಾಪ್. ಎನ್‌ಡಿಯಲ್ಲಿ 0.3ಕ್ಕೆ ಒಂದು ಸ್ಟಾಪ್, ಹಾಗಾಗಿ ಎಂಟಕ್ಕೆ 2.4. ಇಷ್ಟನ್ನು ಬೆರಳಲ್ಲಿ ಎಣಿಸುವುದು ಬಂದರೆ ಛಾಯಾಗ್ರಾಹಕರು ಬಾಯಿ ತೆರೆಯುವ ಮೊದಲೇ ಫಿಲ್ಟರ್ ಕೈಯಲ್ಲಿರುತ್ತದೆ.

ಇಷ್ಟು ದಪ್ಪದ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ ಮಾತ್ರ ನುಗ್ಗುತ್ತಲೇ ಇರುತ್ತದೆ. ಆಗ ನಾಯಕನ ಕಪ್ಪು ಕೋಟು ಪರದೆಯ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೂ ಸಿಂಥೆಟಿಕ್ ಬಟ್ಟೆ ಹೆಚ್ಚು ಮೋಸ ಮಾಡುತ್ತದೆ. ಪರೀಕ್ಷೆಯಲ್ಲಿ ಕಪ್ಪು ಬಟ್ಟೆ ಇಟ್ಟದ್ದು ಇದಕ್ಕೇ. ಕಂದು ಕಂಡರೆ ಇನ್‌ಫ್ರಾರೆಡ್ಡನ್ನೂ ತಡೆಯುವ ಐಆರ್‌ಎನ್‌ಡಿ ಕೇಳಿ.

ಬಿಸಿಲಲ್ಲಿ ಮಾನಿಟರ್ ನೋಡಿ ಎಕ್ಸ್‌ಪೋಷರ್ ನಿರ್ಧರಿಸುವುದು ಬೇಡ. ಮಂಕಾಗಿ ಕಾಣುತ್ತದೆಂದು ಲೆನ್ಸ್ ತೆರೆದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಮುಖದ ಹತ್ತಿರ ಲೈಟ್ ಮೀಟರ್ ಹಿಡಿದು ಅಳೆಯಿರಿ, ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವ ಫಾಲ್ಸ್ ಕಲರ್‌ನಲ್ಲಿ ತಾಳೆ ನೋಡಿ.

ನಡುಹಗಲಿನ ಬೆಳಕು ನಮ್ಮಲ್ಲಿ ನಿರ್ದಯಿ. ಬೆಂಗಳೂರಿನ ಆಸುಪಾಸಿನಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ, ಕಣ್ಣಿನ ಗುಳಿಯಲ್ಲಿ ಎರಡು ಕಪ್ಪು ಹೊಂಡ. 11ರಿಂದ 2ರವರೆಗೆ ಕ್ಲೋಸಪ್ ತೆಗೆಯಲೇಬೇಕಾದರೆ ಮೇಲೆ 12 ಅಡಿ ಚೌಕದ ಸ್ಕಿಮ್ಮರ್ (ಬೆಳಕನ್ನು ಮೆದುವಾಗಿಸುವ ಬಟ್ಟೆ) ಕಟ್ಟಿಸಿ, ಕೆಳಗಿನಿಂದ ಥರ್ಮಾಕೋಲಿನಲ್ಲಿ ಬೆಳಕು ತಿರುಗಿಸಿ. ವೈಡ್ ಶಾಟುಗಳನ್ನು ಬೆಳಿಗ್ಗೆಗೂ ಸಂಜೆಗೂ ಇಟ್ಟುಕೊಳ್ಳುವಂತೆ ಸಹನಿರ್ದೇಶಕರ ಜೊತೆ ಹಿಂದಿನ ರಾತ್ರಿಯೇ ಕೂತು ಮಾತಾಡಿ. ಸೂರ್ಯ ಮುಳುಗಿದ ಮೇಲಿನ ಗೋಧೂಳಿ ಇಲ್ಲಿ ಹೆಚ್ಚೆಂದರೆ 20–22 ನಿಮಿಷ. ಯುರೋಪಿನ ಛಾಯಾಗ್ರಾಹಕರು ಗಂಟೆಗಟ್ಟಲೆ ಆ ಬೆಳಕಿನಲ್ಲಿ ತೆಗೆದರಂತೆ ಎಂಬ ಕಥೆ ನಂಬಿ ಆರು ಶಾಟ್ ಪಟ್ಟಿ ಹಾಕಿಕೊಂಡರೆ ಎರಡು ಸಿಗುತ್ತವೆ.

ದುಬಾರಿ ಲೈಟಿಲ್ಲ ಎಂದು ಕೊರಗುವವರು ವಿ.ಕೆ. ಮೂರ್ತಿಯವರ ಕೆಲಸ ನೋಡಬೇಕು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಾದ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೊದ ಕತ್ತಲೆಯನ್ನು ಸೀಳುವ ಆ ಬೆಳಕಿನ ಕೋಲು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದ್ದು. ಕನ್ನಡಿ ಈಗಲೂ ಅಗ್ಗ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಕನ್ನಡಿಯ ಬಳಿ ಒಬ್ಬರು ನಿಂತು ಪ್ರತಿ ಟೇಕಿಗೂ ಸರಿಪಡಿಸುತ್ತಿರಬೇಕು, ಅಷ್ಟೇ.

ಕ್ಲಾಪ್, ಕಾರ್ಡ್, ಕಾಪಿ

ಕ್ಲಾಪಿನ ಮೇಲೆ ಸೀನ್, ಶಾಟ್, ಟೇಕ್, ಕಾರ್ಡ್ ಸಂಖ್ಯೆ. ಧ್ವನಿ ಇಲ್ಲದ ಶಾಟಿಗೆ ಕ್ಲಾಪಿನ ನಡುವೆ ಕೈಯಿಟ್ಟು ಹಿಡಿಯಿರಿ, ಕೊನೆಯಲ್ಲಿ ಹೊಡೆಯುವುದಾದರೆ ತಲೆಕೆಳಗಾಗಿ ಹಿಡಿಯಿರಿ. ಎಡಿಟರಿಗೆ ಅಷ್ಟು ಸಾಕು.

ಫಿಲ್ಮಿನ ಕಾಲದಲ್ಲಿ 1000 ಅಡಿಯ ಮ್ಯಾಗಜೀನ್ 11 ನಿಮಿಷ ಓಡುತ್ತಿತ್ತು, ಪ್ರತಿ ಅಡಿಗೂ ದುಡ್ಡು. ಈಗ ರೆಕಾರ್ಡ್ ನಿಲ್ಲಿಸದೆ ‘ಮತ್ತೊಂದು, ಮತ್ತೊಂದು’ ಎನ್ನುವ ನಿರ್ದೇಶಕರಿಗೆ ಒಂದು ಲೆಕ್ಕ ತೋರಿಸಿ: ಅಲೆಕ್ಸಾ ಮಿನಿ ಎಲ್‌ಎಫ್‌ನ ಪೂರ್ತಿ ಸೆನ್ಸರನ್ನು ಆರಿರಾ (ARRIRAW) ಎಂಬ ಕಚ್ಚಾ ಫಾರ್ಮ್ಯಾಟಿನಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 30 ಜಿಬಿ. ಒಂದು ಟಿಬಿಯ ಕಾರ್ಡ್ ಅರ್ಧ ಗಂಟೆ. ದಿನಕ್ಕೆ ಎರಡು ಗಂಟೆ ಓಡಿಸಿದರೆ 3.6 ಟಿಬಿ, ಎರಡು ಕಾಪಿಗೆ 7.2. ಮೂವತ್ತು ದಿನದ ಶೆಡ್ಯೂಲಿಗೆ ಹಾರ್ಡ್‌ಡಿಸ್ಕ್ ಎಷ್ಟು ಬೇಕೆಂದು ಅವರೇ ಗುಣಿಸಿಕೊಳ್ಳಲಿ.

ತುಂಬಿದ ಕಾರ್ಡಿಗೆ ಕ್ಯಾಮೆರಾದಿಂದ ತೆಗೆದ ಕೂಡಲೇ ಕೆಂಪು ಟೇಪು, ಖಾಲಿಯದಕ್ಕೆ ಹಸಿರು. ಕಾಪಿ ಮಾಡುವಾಗ ಎಳೆದು ಬಿಡುವ ಕಾಪಿ ಬೇಡ. ಚೆಕ್‌ಸಮ್ (ಮೂಲಕ್ಕೂ ಕಾಪಿಗೂ ವ್ಯತ್ಯಾಸವಿಲ್ಲವೆಂದು ತಿಳಿಸುವ ಅಂಕಿ) ತಾಳೆ ನೋಡುವ ಸಾಫ್ಟ್‌ವೇರ್‌ನಲ್ಲಿ ಎರಡು ಬೇರೆ ಡಿಸ್ಕಿಗೆ. ಕಾಪಿಯಾದ ಮೇಲೆ ಪ್ರತಿ ಕ್ಲಿಪ್ಪಿನ ಮೊದಲು, ನಡು, ಕೊನೆ ತೆರೆದು ನೋಡಿ. ಕೆಂಪು ಟೇಪನ್ನು ಕೀಳುವ ಅಧಿಕಾರ ಒಬ್ಬರಿಗೇ ಇರಲಿ. ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ, ‘ಇದು ಆಗಲೇ ಕಾಪಿ ಆಗಿದೆ ಅನ್ಸುತ್ತೆ’ ಎಂದು ಫಾರ್ಮ್ಯಾಟ್ ಒತ್ತಿದಾಗ ಒಂದು ದಿನದ ಶೂಟಿಂಗ್ ಹೋಗುತ್ತದೆ. ಎರಡು ಡಿಸ್ಕನ್ನೂ ಒಂದೇ ಗಾಡಿಯಲ್ಲಿ ಕಳಿಸಬೇಡಿ.

ಮಳೆ, ತೇವ, ಪ್ರಯಾಣ

ಆಗುಂಬೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಶೂಟಿಂಗ್ ಇದ್ದರೆ ನೀರಿಗಿಂತ ತೇವಕ್ಕೆ ಹೆದರಿ. ಎಸಿ ರೂಮಿನಿಂದ ತಂಪಾದ ಲೆನ್ಸನ್ನು ಹೊರಗೆ ತಂದ ಕೂಡಲೇ ಗಾಜು ಬೆವರುತ್ತದೆ, ಒರೆಸಿದಷ್ಟೂ ಬರುತ್ತದೆ. ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಹೊರಗಿಟ್ಟು ಅರ್ಧ ಮುಕ್ಕಾಲು ಗಂಟೆ ಬಿಟ್ಟು ತೆರೆಯಿರಿ. ಅಥವಾ ರಾತ್ರಿ ಆ ರೂಮಿನ ಎಸಿಯನ್ನೇ ಹಾಕಬೇಡಿ. ತೇವ 60 ಪ್ರತಿಶತ ದಾಟಿದ ಜಾಗದಲ್ಲಿ ವಾರಗಟ್ಟಲೆ ಇಟ್ಟರೆ ಲೆನ್ಸಿನೊಳಗೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ. ಸಿಲಿಕಾ ಜೆಲ್ ಹಾಕಿದರಷ್ಟೇ ಸಾಲದು, ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಬೇಕು. ಅಡುಗೆಯವರ ಬಾಣಲೆ ಬೇಡ, ಬೇರೆ ಇಟ್ಟುಕೊಳ್ಳಿ. ಕರಾವಳಿಯಲ್ಲಿ ಉಪ್ಪುಗಾಳಿ ಬಡಿದ ಟ್ರೈಪಾಡ್ ಕಾಲನ್ನು ದಿನವೂ ಸಂಜೆ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ.

ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು. 100 ವಾಟ್‌-ಅವರ್‌ವರೆಗಿನದಕ್ಕೆ ತಕರಾರಿಲ್ಲ. 100ರಿಂದ 160ರದ್ದು ವಿಮಾನ ಕಂಪನಿಯ ಒಪ್ಪಿಗೆ ಪಡೆದು ಒಬ್ಬರಿಗೆ ಎರಡು. ಅದಕ್ಕಿಂತ ದೊಡ್ಡದು ಪ್ರಯಾಣಿಕರ ಜೊತೆ ಹೋಗುವುದೇ ಇಲ್ಲ. ಹಾಗಾಗಿ ಹೊರಗಿನ ಶೆಡ್ಯೂಲಿಗೆ 98ರ ಬ್ಯಾಟರಿಗಳನ್ನೇ ಬಾಡಿಗೆಗೆ ಕೇಳಿ.

ಸ್ವತಂತ್ರವಾಗಿ ಮೊದಲ ಚಿತ್ರ

ಅವಕಾಶ ಸಾಮಾನ್ಯವಾಗಿ ಬರುವುದು ನೀವು ಅಸೋಸಿಯೇಟ್ ಆಗಿದ್ದ ಚಿತ್ರದ ಸಹನಿರ್ದೇಶಕರಿಂದ, ಅವರು ನಿರ್ದೇಶಕರಾದಾಗ. ಶೋರೀಲ್ ಎರಡು ನಿಮಿಷ ಸಾಕು. ಡ್ರೋನ್ ಮತ್ತು ಸ್ಲೋಮೋಷನ್ ಕಡಿಮೆ ಮಾಡಿ, ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುವ ಒಂದು ದೃಶ್ಯವನ್ನು ಪೂರ್ತಿ ಹಾಕಿ. ಕೆಲಸ ಗೊತ್ತಿರುವವರು ನೋಡುವುದು ಅದನ್ನೇ.

ಒಪ್ಪಂದ ಕಾಗದದ ಮೇಲಿರಲಿ: ಎಷ್ಟು ದಿನದ ಕಾಲ್‌ಶೀಟ್, ದಿನ ಹೆಚ್ಚಾದರೆ ಎಷ್ಟು, ಹಣ ಯಾವ ಹಂತದಲ್ಲಿ, ತಂಡದ ಬಾಟಾ (ದಿನಭತ್ಯೆ) ಯಾರಿಂದ, ಸಾಮಾನಿಗೆ ವಿಮೆ ಇದೆಯೆ, ಡಿಐಗೆ ಎಷ್ಟು ದಿನ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬಿಡುಗಡೆಯ ಅವಸರದಲ್ಲಿ ಛಾಯಾಗ್ರಾಹಕರನ್ನು ಬಿಟ್ಟು ಬಣ್ಣ ಮುಗಿಸಿದ ಚಿತ್ರಗಳಲ್ಲಿ ಸಂಬಳದ ಕೊನೆಯ ಕಂತೂ ಅಲ್ಲೇ ಉಳಿದಿರುತ್ತದೆ.

ಡಿಐನಲ್ಲಿ ರಾತ್ರಿಯ ದೃಶ್ಯಗಳಿಗೆ ಹೆಚ್ಚು ಸಮಯ ಕೊಡಿ. ಚಿತ್ರಮಂದಿರದ ಪರದೆಗೆ ನಿಗದಿಯಾದ ಬಿಳುಪು 48 ನಿಟ್ಸ್ (ಹೊಳಪಿನ ಅಳತೆ), ನಿಮ್ಮ ಮೊಬೈಲಿನದು ಅದರ ಹತ್ತಾರು ಪಟ್ಟು. ಮೊಬೈಲಿನಲ್ಲಿ ನವಿರಾಗಿ ಕಾಣುವ ಕತ್ತಲು, ಪ್ರೊಜೆಕ್ಟರಿನ ಲ್ಯಾಂಪ್ ಸವೆದ ಊರಿನ ಥಿಯೇಟರಿನಲ್ಲಿ ಬರೀ ಮಸಿ. ಫ್ರೇಮಿನಲ್ಲಿ ಒಂದಾದರೂ ನಿಜವಾಗಿ ಬೆಳಗುವ ವಸ್ತು ಇರಲಿ, ಲಾಟೀನು, ಕಿಟಕಿ, ಸ್ಟೀಲ್ ಚೊಂಬಿನ ಅಂಚು. ಥಿಯೇಟರಿಗೆ ಕಳಿಸುವ ಡಿಜಿಟಲ್ ಪ್ರತಿಯಾದ ಡಿಸಿಪಿ ತಯಾರಾದ ಮೇಲೆ ಮಲ್ಟಿಪ್ಲೆಕ್ಸಿನಲ್ಲಿ ಒಮ್ಮೆ, ಸಾಧಾರಣ ಸಿಂಗಲ್ ಸ್ಕ್ರೀನಿನಲ್ಲಿ ಇನ್ನೊಮ್ಮೆ ಹಾಕಿಸಿ ನೋಡಿ, ಎರಡನೆಯದನ್ನು ಹಿಂದಿನ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತು. ಅಲ್ಲಿ ನಾಯಕಿಯ ಕಣ್ಣು ಕಾಣದಿದ್ದರೆ ಮಾರನೆಯ ಬೆಳಿಗ್ಗೆಯೇ ಡಿಐ ಸ್ಟುಡಿಯೊಗೆ ಹೋಗಿ ಆ ರೀಲಿನ ಬೆಳಕನ್ನು ಎತ್ತಿಸಿ.